ಗುರುವಾರದ್ದು

ನನ್ನ ಬಳಿ ಒಂದು ರಟ್ಟಿನ ಪ್ಯಾಡ್ ಇದೆ. ಪರೀಕ್ಷೆಗೆ ಹೋಗುವ ಮಕ್ಕಳು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗುತ್ತಾರಲ್ಲ, ತಲೆಯ ಮೇಲೆ ಕಬ್ಬಿಣದ ಕ್ಲಿಪ್ ಇರುವ ಕಂದು ಬಣ್ಣದ್ದು, ಅಂಥದ್ದೇ. ಒಂದು ಮೂಲೆ ನೀರು ಕುಡಿದು ಉಬ್ಬಿದೆ. ಕ್ಲಿಪ್ಪಿಗೆ ತುಕ್ಕು ಬಂದಿದೆ. ನಾನು ಕೆಲಸ ಬಿಟ್ಟ ದಿನದಿಂದ ಅದು ಮಂಗಳೂರಿನ ಪಡೀಲಿನ ನಮ್ಮ ಮನೆಯಲ್ಲಿ ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚಳವಾಗಿದೆ. ನಿವೃತ್ತಿಯ ನಂತರವೂ ಪ್ರಯೋಜನಕ್ಕೆ ಬಿದ್ದದ್ದು ಅದೊಂದೇ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ನನ್ನ ಎದುರಿನಲ್ಲೇ ಹೇಳುತ್ತಾಳೆ.

ಕಳೆದ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ನನ್ನ ತಂಗಿಯ ಮಗಳು ಸುಪ್ರೀತಾ ಮಣ್ಣಗುಡ್ಡದಿಂದ ಬಂದವಳು ಸೀದಾ ಅಡುಗೆಮನೆಗೆ ಹೋಗಿ, ಹಿಟ್ಟಿನ ಪಾತ್ರೆಯ ಮೇಲಿಂದ ಆ ಪ್ಯಾಡನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ ತಂದು ನನ್ನ ತೊಡೆಯ ಮೇಲಿಟ್ಟಳು.

"ತಮ್ಮಲೆ, ಇದು ಇನ್ನೂ ನಡೀತದಾ?" ಎಂದಳು.

ತುಳುವಿನಲ್ಲಿ ಸೋದರಮಾವನಿಗೆ ತಮ್ಮಲೆ ಎನ್ನುತ್ತೇವೆ. ಮನೆಯಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಪ್ಯಾಡ್ ನಡೀತದೆ. ನಾನು ನಡೆಯುವುದು ಕಷ್ಟ. ಮೊಣಗಂಟು ಬಿಡುವುದಿಲ್ಲ."

"ನನಗೆ ಮೂವತ್ತು ಜನರ ಅಭಿಪ್ರಾಯ ಬೇಕು. ನಿಜವಾದ್ದು. ನಿಮ್ಮ ಹಳೇ ಕ್ರಮದಲ್ಲಿ."

ಹಳೇ ಕ್ರಮದಲ್ಲಿ ಎಂದಾಗ ನನಗೆ ಅಲ್ಲಿ ಕೂತಿರಲಾಗಲಿಲ್ಲ. ಹಿಟ್ಟಿನ ಪಾತ್ರೆ ಬಾಯಿ ತೆರೆದುಕೊಂಡು ಹಾಗೇ ಇತ್ತು. ಅದನ್ನು ಮುಚ್ಚಲು ತಟ್ಟೆ ಹುಡುಕುವ ನೆವದಲ್ಲಿ ಎದ್ದು ಹೋದೆ. ಯಾಕೆ ಎದ್ದೆನೆಂದು ಆಮೇಲೆ ಹೇಳುತ್ತೇನೆ. ಮೊದಲು ನನ್ನ ಕೆಲಸ ಏನಾಗಿತ್ತೆಂದು ಹೇಳಬೇಕು.

ನಾನು ಇಪ್ಪತ್ತಾರು ವರ್ಷ ಜನರ ಅಭಿಪ್ರಾಯ ಕೇಳಿ ಬರೆದುಕೊಳ್ಳುವ ಕೆಲಸ ಮಾಡಿದೆ. ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ನಮ್ಮದೊಂದು ಚಿಕ್ಕ ಕಚೇರಿ. ಸಾಬೂನು, ಚಹಾಪುಡಿ, ವಾರಪತ್ರಿಕೆ, ರೇಡಿಯೊ ಕಾರ್ಯಕ್ರಮ, ಯಾವುದರ ಬಗ್ಗೆ ಜನ ಏನನ್ನುತ್ತಾರೆಂದು ಯಾರಿಗೆ ತಿಳಿಯಬೇಕೋ ಅವರು ನಮಗೆ ಹೇಳುತ್ತಿದ್ದರು. ನಾವು ಅಚ್ಚು ಹಾಕಿದ ಹಾಳೆ ಹಿಡಿದು ಮನೆಮನೆಗೆ ಹೋಗುತ್ತಿದ್ದೆವು. ನಾಯಿ ಕಚ್ಚಿದ್ದು ಎರಡು ಸಲ. ಹುಡುಗಿ ನೋಡಲು ಬಂದವನೆಂದು ತಿಳಿದು ಒಳಗೆ ಕೂರಿಸಿ ಅವಲಕ್ಕಿ ಕೊಟ್ಟದ್ದು ಒಂದು ಸಲ. ಅವಲಕ್ಕಿ ತಿಂದು ಮುಗಿಯುವವರೆಗೆ ನಾನು ಸಾಬೂನಿನ ವಿಷಯ ತೆಗೆಯಲಿಲ್ಲ.

ಹಾಳೆಯಲ್ಲಿ ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ ಎಂದು ನಾಲ್ಕು ಚೌಕ ಇರುತ್ತಿದ್ದವು. ಅದನ್ನು ಮಾಡಿದವರು ಎಲ್ಲಿಯವರೋ, ನಮ್ಮ ಊರಿನವರಂತೂ ಅಲ್ಲ. ಮಂಗಳೂರಿನಲ್ಲಿ ಯಾರೂ ಯಾವುದನ್ನೂ ಅತ್ಯುತ್ತಮ ಎಂದದ್ದನ್ನು ನಾನು ಕೇಳಿಲ್ಲ. ನಮ್ಮಲ್ಲಿರುವುದು ಒಂದೇ ಮೆಚ್ಚುಗೆ: ಅಡ್ಡಿಯಿಲ್ಲ. ನನ್ನ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಸಂಜೆ ಬಂದು ಕಾಲಿನ ಕೆಂಪು ಧೂಳು ತೊಳೆದು, ರೇಡಿಯೊದ ಮುಖದ ಮೇಲಿಂದ ಅಮ್ಮ ಕಸೂತಿ ಹಾಕಿದ ಬಟ್ಟೆಯನ್ನು ಸರಿಸುತ್ತಿದ್ದರು. ರೇಡಿಯೊ ಬಿಸಿಯಾಗುವಾಗ ಅದರಿಂದ ಒಂದು ವಾಸನೆ ಬರುತ್ತಿತ್ತು, ಬಿಸಿಲಿಗಿಟ್ಟ ಮರದ ಪೆಟ್ಟಿಗೆಯ ವಾಸನೆ. ನಾನೂ ತಂಗಿಯೂ ಹಾಡು ಶುರುವಾಗುವ ಮೊದಲೇ ಆ ವಾಸನೆಗೆ ಬಂದು ಕೂರುತ್ತಿದ್ದೆವು. ಎಂಥ ದೊಡ್ಡ ಗಾಯಕರು ಹಾಡಿ ಮುಗಿಸಿದರೂ ಅಪ್ಪ ಬಟ್ಟೆ ಇಳಿಬಿಟ್ಟು "ಅಡ್ಡಿಯಿಲ್ಲ" ಎನ್ನುತ್ತಿದ್ದರು. ಅಮ್ಮನ ಬಂಗುಡೆ ಮೀನಿನ ಪುಳಿಮುಂಚಿ ಸಾರಿಗೂ ಅದೇ. ನನ್ನ ಹತ್ತನೆಯ ತರಗತಿಯ ಫಲಿತಾಂಶಕ್ಕೆ ಅದೂ ಬರಲಿಲ್ಲ, "ಆಯ್ತಲ್ಲ" ಎಂದರು. ಇಂಥವರ ಬಾಯಿಂದ ಬಂದದ್ದನ್ನು ಯಾವ ಚೌಕಕ್ಕೆ ಹಾಕುವುದೆಂದು ಬಾಗಿಲ ಮೆಟ್ಟಿಲಲ್ಲಿ ನಿಂತು ಯೋಚಿಸುವುದರಲ್ಲೇ ನನ್ನ ಆಯುಷ್ಯದ ಒಂದು ಭಾಗ ಹೋಯಿತು. ಈಗಲೂ ನನಗಿರುವ ದಣಿವು ಕಾಲಿನದ್ದಲ್ಲ, ಆ ಯೋಚನೆಯದ್ದು.

ಇರಲಿ, ಸುಪ್ರೀತಾಳ ವಿಷಯಕ್ಕೆ ಬರುತ್ತೇನೆ. ಅವಳಿಗೆ ಇಪ್ಪತ್ತೊಂಬತ್ತು. ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಬೆಳಗಿನಿಂದ ಸಂಜೆವರೆಗೆ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ "ಇದು ಸ್ಪಷ್ಟವಾ, ಅದು ಸ್ಪಷ್ಟವಾ?" ಎಂದು ಕೇಳುತ್ತಾಳೆ. ಉಳಿದ ಹೊತ್ತಿನಲ್ಲಿ ಹಾಡು ಕಟ್ಟುತ್ತಾಳೆ. ಅವಳೂ ರೋಶನ್ ಎಂಬ ಗೆಳೆಯನೂ ಸೇರಿ ಎರಡು ವರ್ಷ ಕೂತು ಏಳು ಹಾಡುಗಳ ಒಂದು ಆಲ್ಬಮ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದರು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಹುಡುಕಿ, ಕೇಳಿ, ಒಂದು ಅಭಿಪ್ರಾಯ ಕೊಡುತ್ತೀರಿ. ನನಗೆ ಸಾಕಾಗಿದೆ.

ಅದರಲ್ಲಿ ಹಿಪ್‌ಹಾಪ್ ಇದೆ, ಎಂದರೆ ಹಾಡುವ ಬದಲು ತಾಳಕ್ಕೆ ಸರಿಯಾಗಿ ಮಾತಾಡುವುದು. ರೆಗ್ಗೆ ಇದೆ. ಅದನ್ನು ನನಗೆ ಅರ್ಥ ಮಾಡಿಸಲು ಅವಳು ಊಟದ ಮೇಜು ತಟ್ಟಿ ತೋರಿಸಬೇಕಾಯಿತು. ಇಲ್ಲಿ ಪೆಟ್ಟು ಬೀಳುತ್ತದೆ ಎಂದು ನಾವು ಕಾಯುವ ಜಾಗದಲ್ಲಿ ಅದು ಬೀಳುವುದಿಲ್ಲ. ಅರೆಗಳಿಗೆ ಬಿಟ್ಟು, ನಾವು ಕೈಬಿಟ್ಟ ಮೇಲೆ ಬೀಳುತ್ತದೆ. ದೂರದ ದ್ವೀಪವೊಂದರ ಸಂಗೀತವಂತೆ. ಅಲ್ಲಿಯೂ ತೆಂಗು, ಮೀನು, ಸೆಖೆ. ಇವೆರಡರ ನಡುವೆ ಅವಳು ತೆಂಬರೆಯನ್ನು ತಂದು ಸೇರಿಸಿದ್ದಳು, ನಮ್ಮ ಭೂತಕೋಲಗಳಲ್ಲಿ ಬಾರಿಸುವ ಚಿಕ್ಕ ಚರ್ಮವಾದ್ಯ. ಮಾತು ಸ್ವಲ್ಪ ತುಳು, ಸ್ವಲ್ಪ ಕೊಂಕಣಿ, ಸ್ವಲ್ಪ ಕನ್ನಡ, ಸಿಟ್ಟು ಬಂದಲ್ಲಿ ಇಂಗ್ಲಿಷ್.

ಬೆಂಗಳೂರಿನ ಒಂದು ಸಂಗೀತ ಕಂಪೆನಿಯವರು ಇದನ್ನು ಕೇಳಿ ಅವಳಿಗೆ ಬರೆದಿದ್ದರು. ಆಲ್ಬಮನ್ನು ತಾವು ತೆಗೆದುಕೊಂಡು ಎಲ್ಲ ಕಡೆ ಮುಟ್ಟಿಸುತ್ತೇವೆ, ಆದರೆ ರೆಗ್ಗೆಯನ್ನೂ ಆ ಊರಿನ ವಾದ್ಯವನ್ನೂ ತೆಗೆದು ಬರೀ ಹಿಪ್‌ಹಾಪ್ ಮಾಡಿ ಕೊಡಬೇಕು, ಈಗಿರುವ ಹಾಗಿದ್ದರೆ ಯಾವ ಪಟ್ಟಿಗೆ ಸೇರಿಸುವುದೆಂದೇ ತಿಳಿಯುವುದಿಲ್ಲ ಎಂದು. ಉತ್ತರಕ್ಕೆ ಮಾರ್ಚಿನ ಮೊದಲ ಸೋಮವಾರದವರೆಗೆ ಸಮಯ ಕೊಟ್ಟಿದ್ದರು.

"ತೆಗೀತೀಯಾ?" ಎಂದೆ.

"ಅದಕ್ಕೇ ನಿಮ್ಮ ಹತ್ರ ಬಂದದ್ದು. ಜನ ಬೇಡ ಅಂದ್ರೆ ತೆಗೀತೇನೆ. ಎರಡು ವರ್ಷ ಹೋಯ್ತು ಅಂತ ಅಳ್ತಾ ಕೂರುವುದಿಲ್ಲ."

ಅವಳ ದನಿ ಅಂಗಡಿಯ ದನಿಯಾಗಿತ್ತು. ಆದರೆ ಕೈ ಪ್ಯಾಡಿನ ಕ್ಲಿಪ್ಪನ್ನು ಒತ್ತಿ ಬಿಡುತ್ತಿತ್ತು, ಟಕ್, ಟಕ್.

"ಫೋನಿನಲ್ಲಿ ಅಷ್ಟು ಜನ ಬರೆದಿದ್ದಾರಲ್ಲ?"

ಅವಳು ಫೋನು ನನ್ನ ಮುಂದೆ ಹಿಡಿದಳು. ಭಾರೀ ಆಗಿದೆ ಎನ್ನಲು ಈಗಿನವರು ಹಾಕುವ ಬೆಂಕಿಯ ಚಿತ್ರ, ಮತ್ತೆ ಬೆಂಕಿಯ ಚಿತ್ರ. ರಾಪ್ ಒಳ್ಳೇದುಂಟು, ಆ ನಿದ್ದೆ ಬರುವ ಮ್ಯೂಸಿಕ್ ಯಾಕೆ ಎಂದು ಒಬ್ಬರು. ಮ್ಯೂಸಿಕ್ ಚಂದ ಉಂಟು, ಮಧ್ಯ ಆ ಹುಡುಗಿಯ ಜಗಳ ಯಾಕೆ ಎಂದು ಅವರ ಕೆಳಗೇ ಇನ್ನೊಬ್ಬರು. "ಎಂತ ಸಾವು ಇದು" ಎಂದು ಮೂರನೆಯವರು. ಒಬ್ಬರು ಹಾಡಿನ ಬಗ್ಗೆ ಏನೂ ಹೇಳದೆ ಮಣ್ಣಗುಡ್ಡದಲ್ಲಿ ಬಾಡಿಗೆಗೆ ಮನೆ ಉಂಟಾ ಎಂದು ಕೇಳಿದ್ದರು.

"ಬೆಂಕಿ ಹಾಕಿದವರೆಲ್ಲ ನನ್ನ ಫ್ರೆಂಡ್ಸ್. ಅರ್ಧ ಜನ ಕೇಳಿಯೇ ಇಲ್ಲ. ಎದುರು ಕೂತು ಕೇಳಿ ಬರೆಯುವವರು ಬೇಕು. ನೀವು ಸುಳ್ಳು ಬರೆಯುವವರಲ್ಲ ತಮ್ಮಲೆ."

ಹಳೇ ಕ್ರಮ ಎಂದಾಗ ಎದ್ದು ಹೋದದ್ದು ಯಾಕೆಂದು ಈಗ ಹೇಳಬೇಕು. ನಾನು ಸುಳ್ಳು ಬರೆದವ. ಒಮ್ಮೆ ಮಾತ್ರ, ಇಪ್ಪತ್ತೆಂಟು ಹಾಳೆಗಳಲ್ಲಿ.

ನನಗೆ ಮೂವತ್ತೈದು ವರ್ಷವಾಗಿದ್ದಾಗ ರೇಡಿಯೊದಲ್ಲಿ ಪ್ರತಿ ಗುರುವಾರ ಸಂಜೆ ಹದಿನೈದು ನಿಮಿಷದ ಒಂದು ಕಾರ್ಯಕ್ರಮ ಬರುತ್ತಿತ್ತು. ಸ್ಟೆಲ್ಲಾ ಟೀಚರ್ ಎಂಬವರು ಮ್ಯಾಂಡೊಲಿನ್ ನುಡಿಸಿಕೊಂಡು ಹಾಡುತ್ತಿದ್ದರು. ಮಂಗಳೂರಿನದೇ ಬಿಜೈಯವರು, ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಜೊತೆಗೆ ಬಾಬು ಎಂಬವರ ತೆಂಬರೆ. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗಿನ ತುಳು ಹಾಡಿನ ಧಾಟಿ, ಅದರ ಮೇಲೆ ಕ್ರೈಸ್ತರ ಇಗರ್ಜಿಯಲ್ಲಿ ಹಾಡುವ ಹಾಗೆ ಒಂದರ ಮೇಲೊಂದು ದನಿ, ನಡುವೆ ಟೀಚರ್ ಹಾಡು ನಿಲ್ಲಿಸಿ ಸುಮ್ಮನೆ ಮಾತಾಡುವುದೂ ಉಂಟು, ಮಾತೂ ತಾಳದಲ್ಲೇ. ಆ ಕಾರ್ಯಕ್ರಮಕ್ಕೆ ರೇಡಿಯೊದವರು ಏನೋ ಒಂದು ಹೆಸರು ಇಟ್ಟಿದ್ದರು. ಅದು ಯಾರಿಗೂ ನೆನಪಿರುತ್ತಿರಲಿಲ್ಲ. ಎಲ್ಲರೂ ಅದನ್ನು 'ಗುರುವಾರದ್ದು' ಎನ್ನುತ್ತಿದ್ದರು. ಗುರುವಾರದ್ದು ಮುಗಿಯಿತಾ, ಗುರುವಾರದ್ದು ಕೇಳಿ ಹೊರಡುತ್ತೇನೆ, ಹೀಗೆ.

ರೇಡಿಯೊದ ಹಲವು ಕಾರ್ಯಕ್ರಮಗಳ ಬಗ್ಗೆ ಕೇಳುಗರ ಅಭಿಪ್ರಾಯ ತರುವ ಕೆಲಸ ನಮ್ಮ ಕಚೇರಿಗೆ ಬಂತು. ಗುರುವಾರದ್ದು ನನ್ನ ಪಾಲಿಗೆ ಬಂತು. ಏಪ್ರಿಲ್ ತಿಂಗಳು, ನಲವತ್ತು ಮನೆ. ಹಾಳೆಯ ಮೊದಲ ಪ್ರಶ್ನೆ, 'ಈ ಕಾರ್ಯಕ್ರಮವನ್ನು ಕೇಳುತ್ತೀರಾ?' ಹೌದು, ಇಲ್ಲ. ಹೌದು ಎಂದರೆ ಎರಡನೆಯ ಪ್ರಶ್ನೆ, 'ಇದು ಯಾವ ಪ್ರಕಾರದ್ದು?' ಶಾಸ್ತ್ರೀಯ, ಭಾವಗೀತೆ, ಭಕ್ತಿಗೀತೆ, ಜಾನಪದ, ಚಿತ್ರಗೀತೆ, ಇತರೆ. ಇತರೆ ಎಂದು ಗುರುತು ಹಾಕಿದರೆ ವಿವರವನ್ನು ಬೇರೆ ಹಾಳೆಯಲ್ಲಿ ಎರಡು ಕಾರ್ಬನ್ ಇಟ್ಟು ಮೂರು ಪ್ರತಿ ಬರೆಯಬೇಕು. ಇಲ್ಲ ಎಂದರೆ ಏನೂ ಬರೆಯಬೇಕಾಗಿಲ್ಲ. ಕೆಳಗೆ ಒಂದು ಗೆರೆ ಎಳೆದು ಮುಂದಿನ ಮನೆಗೆ ಹೋಗಬಹುದು.

ನಲವತ್ತರಲ್ಲಿ ಇಪ್ಪತ್ತೆಂಟು ಮನೆಯವರು ಕೇಳುತ್ತೇವೆ ಎಂದರು. ಪ್ರಕಾರ ಯಾವುದೆಂದರೆ ಒಬ್ಬರಿಗೂ ಗೊತ್ತಿಲ್ಲ. ಭಕ್ತಿಗೀತೆಯಾ ಎಂದರೆ ಅಲ್ಲಪ್ಪ ಎನ್ನುತ್ತಾರೆ. ಜಾನಪದವಾ ಎಂದರೆ ಮ್ಯಾಂಡೊಲಿನ್ ಉಂಟಲ್ಲ ಎನ್ನುತ್ತಾರೆ. ಅವರು ಹೇಳಿದ್ದನ್ನೆಲ್ಲ ನಾನು ಹಾಳೆಯ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದುಕೊಂಡೆ, ಆಮೇಲೆ ಮೂರು ಪ್ರತಿ ಮಾಡಿದರಾಯಿತೆಂದು. ಕೊನೆಯ ದಿನ ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಕೂತು ಲೆಕ್ಕ ಹಾಕಿದೆ: ಇಪ್ಪತ್ತೆಂಟು ಮೂರಲಿ ಎಂಬತ್ತನಾಲ್ಕು ಹಾಳೆ. ಅಂಗಿ ಬೆನ್ನಿಗೆ ಅಂಟಿತ್ತು. ಫ್ಯಾನು ಇನ್ನೊಂದು ಮೇಜಿನ ಮೇಲಿತ್ತು. ನಾನು ಜೇಬಿನಿಂದ ರಬ್ಬರು ತೆಗೆದು ಹಿಂಬದಿಯ ಪೆನ್ಸಿಲನ್ನೆಲ್ಲ ಒಂದೊಂದೇ ಹಾಳೆಯಾಗಿ ಉಜ್ಜಿ, ಕಸ ಊದಿ, ಎದುರಿನ ಬದಿಯಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ. ಒಂದು ಬನ್ಸ್ ಉಳಿದಿತ್ತು. ಅದನ್ನೂ ತಿಂದೆ.

ಮಳೆಗಾಲ ಮುಗಿಯುವುದರೊಳಗೆ ಗುರುವಾರದ್ದು ನಿಂತಿತು. ಆ ಹೊತ್ತಿಗೆ ಗೊಬ್ಬರದ ಬಗ್ಗೆ ಭಾಷಣ ಬರತೊಡಗಿತು.

ಒಂದು ದಿನ ಸ್ಟೆಲ್ಲಾ ಟೀಚರ್ ನಮ್ಮ ಮಾಳಿಗೆಯ ಮೆ‌ಟ್ಟಿಲು ಹತ್ತಿ ಬಂದರು. ಯಾರೂ ಕೇಳುವುದಿಲ್ಲವೆಂದು ವರದಿ ಬಂದಿದೆಯಂತೆ, ತಮ್ಮ ಓಣಿಯವರೇ ಕೇಳುತ್ತಾರಲ್ಲ, ಆ ಹಾಳೆಗಳನ್ನು ಒಮ್ಮೆ ನೋಡಬಹುದೇ ಎಂದು ಕೇಳಿದರು. ತೋರಿಸುವ ಕ್ರಮವಿಲ್ಲ ಎಂದು ನಮ್ಮ ಮ್ಯಾನೇಜರು ಹೇಳಿದರು. ಟೀಚರಿಗೆ ಏದುಸಿರು. ನಾನು ಎದ್ದು ಒಂದು ಲೋಟ ನೀರು ತಂದು ಕೊಟ್ಟೆ. ಅವರು ಕುಡಿದು, ಲೋಟ ಹಿಂದೆ ಕೊಡುತ್ತಾ, "ನೀವಾದ್ರೂ ಕೇಳಿದ್ದೀರಾ?" ಎಂದು ಕೇಳಿದರು.

"ಇಲ್ಲ ಟೀಚರ್" ಎಂದೆ.

ಅದೂ ಸುಳ್ಳು. ನಾನು ಪ್ರತಿ ಗುರುವಾರ ಕೇಳುತ್ತಿದ್ದೆ.

ಆಮೇಲೆ ಕೆಲಸದಲ್ಲಿ ನಾನು ಬಹಳ ನಿಧಾನದವನಾದೆ. ಜನ ಹೇಳಿದ ಶಬ್ದವನ್ನೇ ಬರೆಯುತ್ತಿದ್ದೆ, ಕೆಮ್ಮಿದರೆ ಕೆಮ್ಮಿದರು ಎಂದು ಬರೆಯುತ್ತಿದ್ದೆ. ಕಚೇರಿಯಲ್ಲಿ ನನಗೆ ಸತ್ಯಣ್ಣ ಎಂದು ಅಡ್ಡಹೆಸರು ಬಿತ್ತು. ಅದೇ ಹೆಸರು ಮನೆಯವರೆಗೂ ಬಂದು, ಸುಪ್ರೀತಾಳ ಕಿವಿಗೂ ಬಿದ್ದದ್ದು.

ಅವಳಿಗೆ ಆ ದಿನ ನಾನು ಇದನ್ನು ಹೇಳಲಿಲ್ಲ. ಆಯಿತು, ಹಾಳೆ ಮಾಡಿಸು ಎಂದೆ. ಅವಳು ಅಂಗಡಿಯ ಪ್ರಿಂಟರಿನಲ್ಲಿ ಮಾಡಿಸಿ ತಂದಳು. ಮೊದಲ ಪ್ರಶ್ನೆ ಹಳೆಯದೇ. ಎರಡನೆಯದಕ್ಕೆ ಹಿಪ್‌ಹಾಪ್, ರೆಗ್ಗೆ, ಜಾನಪದ, ಇತರೆ. ಕೆಳಗೆ ಅತ್ಯುತ್ತಮದಿಂದ ಕಳಪೆಯವರೆಗಿನ ಅದೇ ನಾಲ್ಕು ಚೌಕ. ಹಿಂಬದಿಯಲ್ಲಿ ಏನೂ ಅಚ್ಚು ಮಾಡಬೇಡ, ಖಾಲಿ ಇರಲಿ ಎಂದು ನಾನೇ ಹೇಳಿದ್ದೆ. ಪೆನ್ಸಿಲ್ ಬಿಟ್ಟು ಪೆನ್ನು ತೆಗೆದುಕೊಂಡೆ.

ಮೊದಲು ನನ್ನ ಕ್ಷೌರದ ವಿಠಲಣ್ಣನ ಅಂಗಡಿಗೆ ಹೋದೆ. ಅವನು ಗಿರಾಕಿಯ ತಲೆ ಬಿಡದೆಯೇ ಕೇಳುತ್ತೇನೆ ಎಂದ. ಎರಡು ಹಾಡಾದ ಮೇಲೆ, "ಇದು ಹಾಡುವುದಾ, ಬೈಯುವುದಾ?" ಎಂದ. ಮೂರನೆಯದರಲ್ಲಿ ಸುಮ್ಮನಾದ. ನಾಲ್ಕನೆಯದು ಮುಗಿದಾಗ ಕನ್ನಡಿಯಲ್ಲಿ ನನ್ನನ್ನು ನೋಡಿ, "ಇದಕ್ಕೆ ಕತ್ತರಿ ತನ್ನಷ್ಟಕ್ಕೆ ಹೋಗ್ತದೆ ಮಾರಾಯ್ರೆ" ಎಂದ. ಗಿರಾಕಿ ಗಾಬರಿಯಿಂದ ತಲೆ ಮುಟ್ಟಿ ನೋಡಿಕೊಂಡ. ಪ್ರಕಾರ ಯಾವುದು ಹಾಕಲಿ ವಿಠಲಣ್ಣ ಎಂದೆ. "ಎಂತದ್ದಾದ್ರೂ ಹಾಕಿ. ಶೇವಿಂಗಿಗೆ ಆಗ್ಲಿಕ್ಕಿಲ್ಲ, ಕಟಿಂಗಿಗೆ ಅಡ್ಡಿಯಿಲ್ಲ."

ಸಿಟಿ ಬಸ್ಸಿನ ಡ್ರೈವರ್ ಒಬ್ಬರು ನಮ್ಮ ನೆರೆಯವರು. ಒಂದು ಟ್ರಿಪ್ಪಿನಲ್ಲಿ ಇದನ್ನು ಹಾಕಿ ನೋಡಿ ಎಂದು ಕೊಟ್ಟೆ. ಮರುದಿನ ಬಂದು ತಲೆ ಆಡಿಸಿದರು. "ಇದು ಆಗುವುದಿಲ್ಲ. ಟೈಮಿಂಗ್ ತಪ್ತದೆ. ಹಿಂದಿನ ಬಸ್ಸಿನವ ಓವರ್‌ಟೇಕ್ ಮಾಡಿ ಹೋದ, ನನಗೆ ಸಿಟ್ಟೇ ಬರ್ಲಿಲ್ಲ. ಹೀಗಾದ್ರೆ ಗಾಡಿ ಓಡಿಸುವುದು ಹೇಗೆ?" ಇದನ್ನು ಕಳಪೆ ಎಂದು ಬರೆಯಬೇಕೋ ಅತ್ಯುತ್ತಮ ಎಂದು ಬರೆಯಬೇಕೋ ನನಗೆ ತಿಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹಿಂಬದಿಗೆ ಬರೆದುಕೊಂಡೆ.

ಮೀನು ಮಾರುವ ಕಮಲಕ್ಕ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಸಿಕೊಂಡರು, ಇನ್ನೊಂದು ಗಿರಾಕಿಗೆ ಬೇಕೆಂದು. ಬೂತಾಯಿ ಮೀನಿನ ತಲೆ ತೆಗೆಯುತ್ತಾ ಪೂರ್ತಿ ಕೇಳಿ, "ಈ ಹೆಣ್ಣಿಗೆ ಕೋಪ ಉಂಟು. ಆದ್ರೆ ಬೊಬ್ಬೆ ಹಾಕುವುದಿಲ್ಲ. ಬೊಬ್ಬೆ ಹಾಕುವವರಿಗೆ ನಾನು ಹೆದರುವುದಿಲ್ಲ, ಇಂಥವರಿಗೆ ಹೆದರ್ತೇನೆ" ಎಂದರು. ಒಬ್ಬ ಕಾಲೇಜು ಹುಡುಗಿ, ಇದರಲ್ಲಿ ಸ್ಪೀಡ್ ಇಲ್ಲ ಅಂಕಲ್ ಎಂದಳು. ಒಬ್ಬ ನಿವೃತ್ತ ಮೇಷ್ಟ್ರು ಅರ್ಧದಲ್ಲೇ ಇಯರ್‌ಫೋನ್ ಕಿತ್ತು, ನಿಮಗೆ ಬೇರೆ ಕೆಲಸ ಇಲ್ಲವೇ ಎಂದರು. ಅದನ್ನೂ ಬರೆದುಕೊಂಡೆ, ನಿಜವಾಗಿ ಬೇರೆ ಕೆಲಸ ಇರಲಿಲ್ಲ.

ಎರಡು ವಾರದಲ್ಲಿ ಇಪ್ಪತ್ತೊಂಬತ್ತು ಹಾಳೆ ಆದವು. ಮೊಣಗಂಟಿಗೆ ಎಣ್ಣೆ ತಿಕ್ಕಿ ತಿಕ್ಕಿ ಹೆಂಡತಿಗೂ ಬೇಸರ ಬಂದಿತ್ತು. "ಇನ್ನೊಂದು ಹಾಳೆಗೆ ನನ್ನ ಅಭಿಪ್ರಾಯ ಬರ್ಕೊಳ್ಳಿ, ಮುಗೀಲಿ" ಎಂದಳು. ನಿನ್ನದು ಏನು ಎಂದೆ. "ಹಿಟ್ಟಿನ ಪಾತ್ರೆಗೆ ಮುಚ್ಚಳ ಇಲ್ಲ. ಅದೇ ನನ್ನ ಅಭಿಪ್ರಾಯ."

ಆದರೆ ಮೂವತ್ತನೆಯ ಹಾಳೆ ಯಾರದ್ದೆಂದು ನಾನು ಮೊದಲ ದಿನವೇ ನಿಶ್ಚಯಿಸಿದ್ದೆ. ಅದಕ್ಕೇ ಕೊನೆಯವರೆಗೆ ಮುಂದೂಡಿದ್ದೆ. ಸೋಮವಾರ ಕಂಪೆನಿಗೆ ಉತ್ತರ ಹೋಗಬೇಕು. ಶನಿವಾರ ಬೆಳಿಗ್ಗೆ ಬಿಜೈಗೆ ಬಸ್ ಹಿಡಿದೆ. ಟೀಚರ ಓಣಿಯ ಬಾಯಿಯವರೆಗೆ ಹೋಗಿ ಹಿಂದೆ ಬಂದದ್ದು ಇಷ್ಟು ವರ್ಷಗಳಲ್ಲಿ ಎಷ್ಟು ಸಲವೋ. ಈ ಸಲ ಕೈಯಲ್ಲಿ ಪ್ಯಾಡ್ ಇತ್ತು. ಪ್ಯಾಡ್ ಇದ್ದರೆ ನನ್ನ ಕಾಲು ಅಭ್ಯಾಸಬಲದಿಂದ ಗೇಟಿನೊಳಗೆ ಹೋಗುತ್ತದೆ.

ಸ್ಟೆಲ್ಲಾ ಟೀಚರಿಗೆ ಎಂಬತ್ತು ದಾಟಿದೆ. ಜಗಲಿಯಲ್ಲಿ ಇಬ್ಬರು ಹುಡುಗಿಯರಿಗೆ ಮ್ಯಾಂಡೊಲಿನ್ ಹೇಳಿಕೊಡುತ್ತಿದ್ದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ.

"ಹಾಡಿನ ಬಗ್ಗೆ ಅಭಿಪ್ರಾಯ ಕೇಳ್ಲಿಕ್ಕೆ ಬಂದದ್ದು ಟೀಚರ್."

"ಈಗಲೂ ಕೇಳ್ತಾರಾ ಹಾಗೆಲ್ಲ?" ಎಂದು ನಕ್ಕು, ಹುಡುಗಿಯರನ್ನು ಕಳಿಸಿ, ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟು, ನಾನು ಕೊಟ್ಟ ದೊಡ್ಡ ಹೆಡ್‌ಫೋನ್ ಹಾಕಿಕೊಂಡರು. ಏಳು ಹಾಡೂ ಮುಗಿಯುವವರೆಗೆ ಕಣ್ಣು ಮುಚ್ಚಲಿಲ್ಲ, ತಲೆ ಆಡಿಸಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು, ಉತ್ತರಪತ್ರಿಕೆ ತಿದ್ದುವವರ ಹಾಗೆ.

"ಹುಡುಗಿಗೆ ಉಸಿರು ಸಾಲುವುದಿಲ್ಲ. ಸಾಲಿನ ಕೊನೆ ನುಂಗ್ತಾಳೆ. ಬರ್ಕೊಳ್ಳಿ." ಬರೆದುಕೊಂಡೆ. "ಎರಡನೇ ಹಾಡು ಬೇಡ. ಅದು ಯಾರನ್ನೋ ಮೆಚ್ಚಿಸ್ಲಿಕ್ಕೆ ಮಾಡಿದ್ದು. ನಾಲ್ಕನೇದು ಇನ್ನೊಮ್ಮೆ ಹಾಕಿ."

ಹಾಕಿದೆ. ಈ ಸಲ ಅವರ ಬೆರಳು ಮೇಜಿನ ಮೇಲೆ ತಾಳದ ಪೆಟ್ಟಿಗಾಗಿ ಕಾದು ನಿಂತದ್ದನ್ನು ನೋಡಿದೆ. ಪೆಟ್ಟು ತಡವಾಗಿ ಬಂತು.

"ಹೀಗೆ ಹಿಂದೆ ಉಳಿಯುವುದುಂಟಲ್ಲ, ಇದನ್ನೇ ಬಾಬು ತೆಂಬರೆಯಲ್ಲಿ ಮಾಡ್ತಿದ್ದ. ಬೇಗ ಬಾ ಮಾರಾಯ ಅಂತ ನಾನು ಬೈತಿದ್ದೆ. 'ಟೀಚರ್, ನೀವು ಹೋಗ್ತಾ ಇರಿ, ನಾನು ಬರ್ತೇನೆ' ಅಂತಿದ್ದ." ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಈಗ ಅವನೇ ಮುಂದೆ ಹೋದ" ಎಂದರು.

ನಾನು ಕೆಲಸಕ್ಕೆ ಬಂದವನಂತೆ ಹಾಳೆಯನ್ನು ಅವರ ಕಣ್ಣ ಮುಂದೆ ಹಿಡಿದು, ಪ್ರಶ್ನೆಯ ಮೇಲೆ ಬೆರಳಿಟ್ಟು ಕೇಳಿದೆ: "ಇದು ಯಾವ ಪ್ರಕಾರ ಅಂತ ಹಾಕ್ಲಿ ಟೀಚರ್? ಹಿಪ್‌ಹಾಪ್, ರೆಗ್ಗೆ, ಜಾನಪದ, ಇತರೆ."

"ಅದೆಲ್ಲ ನನಗೆ ಯಾಕೆ? ಇದು ಯಾವ ವಾರ ಬರ್ತದೆ, ಅದು ಹೇಳಿ."

ಪೆನ್ನು ಹಾಳೆಯ ಮೇಲೆ ನಿಂತಿತು. ನಾನು ಪ್ಯಾಡನ್ನು ಮಡಿಲಿನಿಂದ ಕೆಳಗಿಟ್ಟು ಹೇಳಿದೆ. ಏಪ್ರಿಲ್, ನಲವತ್ತು ಮನೆ, ಇಪ್ಪತ್ತೆಂಟು ಹಾಳೆ, ಕಾರ್ಬನ್, ರಬ್ಬರು, ಬನ್ಸ್. ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅವರು ಕಿವಿಯ ಯಂತ್ರವನ್ನೇ ಹಾಕಿಕೊಂಡಿಲ್ಲವೆಂದು ಕಂಡಿತು. ಅವರು ಅದನ್ನು ತೆಗೆದು ಹಾಕಿಕೊಂಡು, "ಇನ್ನೊಮ್ಮೆ ಹೇಳಿ" ಎಂದರು. ನಾನು ಎರಡನೆಯ ಸಲ ಹೇಳಬೇಕಾಯಿತು. ಎರಡನೆಯ ಸಲ ಹೆಚ್ಚು ಕಷ್ಟ.

"ನೀರು ತಂದವರು ನೀವಾ?"

"ಹೌದು."

"ಲೋಟ ತುಂಬಾ ಸಣ್ಣದಿತ್ತು" ಎಂದರು.

ಹೊರಗೆ ಬಸ್‌ನಿಲ್ದಾಣದ ಕಡೆಯಿಂದ ಹಾರ್ನಿನ ಸದ್ದು ಬರುತ್ತಿತ್ತು. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿದರು.

"ಅದು ಬೇಡ. ಅದಕ್ಕೆ ಉತ್ತರ ಕೊಡ್ಲಿಕ್ಕೆ ನನಗೆ ಆಯಾಸ. ಅವರು ಎಂತ ಹೇಳಿದ್ರು?"

"ಯಾರು ಟೀಚರ್?"

"ಆ ಇಪ್ಪತ್ತೆಂಟು ಮನೆಯವರು. ಹಿಂಬದಿಯಲ್ಲಿ ಬರ್ಕೊಂಡದ್ದು. ಹೇಳಿ, ನಾನು ಕೇಳ್ತೇನೆ."

ಉಜ್ಜಿ ಅಳಿಸಿದ್ದನ್ನು ಮನುಷ್ಯ ಮರೆಯುವುದಿಲ್ಲ. ಅಳಿಸುವಾಗ ಅದನ್ನು ಇನ್ನೊಮ್ಮೆ ಓದಬೇಕಾಗುತ್ತದೆ. ನಾನು ಹೇಳತೊಡಗಿದೆ. ನೀಲಿ ಗೇಟಿನ ಮನೆಯವರು, "ಗುರುವಾರದ್ದು ಬರುವಾಗ ನಾನು ಒಲೆ ಸಣ್ಣ ಮಾಡ್ತೇನೆ" ಎಂದಿದ್ದರು. ಮಿಲಿಟರಿಯಿಂದ ಬಂದ ಒಬ್ಬರು, ಆ ತೆಂಬರೆಯವನಿಗೆ ಒಂದು ದಿನ ಊಟ ಹಾಕಬೇಕು ಎಂದಿದ್ದರು. ಮಗ್ಗದ ಮನೆಯ ಹೆಂಗಸು, "ಹಾಡು ಅರ್ಥ ಆಗುವುದಿಲ್ಲ, ನಡುವೆ ಮಾತಾಡ್ತಾರಲ್ಲ, ಅದು ನನಗೇ ಹೇಳಿದ ಹಾಗೆ ಉಂಟು" ಎಂದಿದ್ದರು. ಒಬ್ಬ ಮುದುಕರು, ದನಿ ಒಳ್ಳೆಯದು, ಮ್ಯಾಂಡೊಲಿನ್ ಬೇಡ ಎಂದಿದ್ದರು.

"ಅದು ಯಾರು?" ಎಂದರು ಟೀಚರ್, ಥಟ್ಟನೆ.

"ಹೆಸರು ಗೊತ್ತಿಲ್ಲ. ಮನೆಯ ಮುಂದೆ ನೇರಳೆ ಮರ ಇತ್ತು."

"ಫೆಲಿಕ್ಸ್. ಅವರಿಗೆ ಯಾವುದೂ ಬೇಡ. ಸರಿ, ಮುಂದೆ."

ಹನ್ನೊಂದು ಮನೆಯದ್ದು ಹೇಳಿದೆ. ಪ್ರತಿಯೊಂದನ್ನೂ ಅವರು ಬರೆಸಿದರು. ಹೆಚ್ಚಿಗೆ ಹಾಳೆ ಇಟ್ಟುಕೊಳ್ಳುವುದು ನನ್ನ ಹಳೆಯ ರೂಢಿ. ಸುಪ್ರೀತಾಳ ಹಾಳೆಗಳಲ್ಲಿ ಉಳಿದಿದ್ದವುಗಳ ಹಿಂಬದಿಗೆ, ಒಂದು ಮನೆಗೆ ಒಂದು ಹಾಳೆಯಂತೆ ಬರೆದುಕೊಟ್ಟೆ. ಟೀಚರ್ ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು ಓದಿ ಪಕ್ಕಕ್ಕಿಟ್ಟರು.

"ಉಳಿದ ಹದಿನೇಳು?"

"ನೆನಪಿಲ್ಲ ಟೀಚರ್."

"ಅಂದಾಜಿಗೆ ಬರೀಬೇಡಿ."

"ಇಲ್ಲ."

ಅವರು ಹನ್ನೊಂದು ಹಾಳೆಗಳ ಅಂಚು ಸರಿಮಾಡಿ ಮ್ಯಾಂಡೊಲಿನಿನ ಪೆಟ್ಟಿಗೆಯೊಳಗೆ ಇಟ್ಟರು. "ಆ ಹುಡುಗಿಗೆ ಹೇಳಿ, ಉಸಿರು. ಹೋಗುವಾಗ ಗೇಟು ಹಾಕಿ ಹೋಗಿ, ದನ ಬರ್ತದೆ" ಎಂದರು. ಕಾಫಿ ಕುಡಿಯಿರಿ ಎನ್ನಲಿಲ್ಲ. ನಾನು ಗೇಟು ಹಾಕಿದೆ, ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿದೆ.

ಭಾನುವಾರ ಮಣ್ಣಗುಡ್ಡಕ್ಕೆ ಹೋಗಿ ಸುಪ್ರೀತಾಳಿಗೆ ಮೂವತ್ತು ಹಾಳೆ ಕೊಡುವ ಮೊದಲು ಅವಳಿಗೂ ಎಲ್ಲ ಹೇಳಿದೆ. ಮೂರನೆಯ ಸಲ. ಅವಳು ನನ್ನನ್ನೇ ನೋಡಿದಳು. ಅಂಗಡಿಯಲ್ಲಿ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾಳಲ್ಲ, ಹಾಗೆ.

"ಹಾಗಾದ್ರೆ ಇವುಗಳನ್ನು ನಂಬಬಹುದಾ?"

"ಎದುರಿನ ಬದಿ ನೋಡಬೇಡ. ಹಿಂಬದಿ ನೋಡು" ಎಂದೆ.

ಅವಳು ಓದಿದಳು. ಬಸ್ಸಿನವರದ್ದಕ್ಕೆ ನಕ್ಕಳು. ಕಮಲಕ್ಕನದ್ದನ್ನು ಎರಡು ಸಲ ಓದಿದಳು. ಟೀಚರದ್ದು ಬಂದಾಗ ಮುಖ ಕೆಂಪಾಯಿತು, ಸಾಲಿನ ಕೊನೆ ನುಂಗುತ್ತೇನಾ ಎಂದು ತನ್ನಲ್ಲೇ ಗೊಣಗಿ ನಾಲ್ಕನೆಯ ಹಾಡಿನ ಒಂದು ಸಾಲನ್ನು ಹೇಳಿ ನೋಡಿಕೊಂಡಳು. ನುಂಗಿದಳು.

"ಒಟ್ಟು ಎಂತ ಬಂತು ತಮ್ಮಲೆ?"

"ಒಟ್ಟು ಬರುವುದಿಲ್ಲ. ಅವರು ಹೇಳಿದ್ದು ಅಷ್ಟೇ. ರೆಗ್ಗೆ ಬೇಡ ಅಂದವರು ಆರು. ತೆಂಬರೆ ತೆಗೆಯಿರಿ ಅಂದವರು ಯಾರೂ ಇಲ್ಲ. ಇದು ಎಂತ ಅಂತ ಒಬ್ಬರಿಗೂ ಗೊತ್ತಿಲ್ಲ. ಪೂರ್ತಿ ಕೇಳಿದವರು ಇಪ್ಪತ್ತಮೂರು."

ಅವಳು ಪ್ಯಾಡಿನ ಕ್ಲಿಪ್ಪನ್ನು ಒಮ್ಮೆ ಒತ್ತಿ ಬಿಟ್ಟಳು. ಆಮೇಲೆ ಫೋನು ತೆಗೆದು ಕಂಪೆನಿಯವರಿಗೆ ಬರೆದಳು: ಎರಡನೆಯ ಹಾಡು ತೆಗೆಯುತ್ತೇನೆ, ನಾಲ್ಕನೆಯದನ್ನು ಮತ್ತೆ ಹಾಡುತ್ತೇನೆ, ಉಳಿದದ್ದು ಇದ್ದ ಹಾಗೇ ಇರುತ್ತದೆ. ಸರಿ, ಮುಂದೆ ನೋಡೋಣ ಎಂದು ಅವರಿಂದ ಉತ್ತರ ಬಂತು. ಮುಂದೆ ಅವರು ನೋಡಿದ ಹಾಗಿಲ್ಲ. ಆಲ್ಬಮ್ ಈಗಲೂ ಅದೇ ಜಾಗದಲ್ಲಿದೆ. ಕೆಳಗೆ ಹೊಸತಾಗಿ ಯಾರೋ ಬೆಂಕಿ ಹಾಕಿದ್ದಾರೆ.

ಆ ಭಾನುವಾರ ನಾನು ಹೊರಡುವಾಗ ಅವಳು ಉಳಿದಿದ್ದ ಒಂದು ಖಾಲಿ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಪ್ಯಾಡನ್ನು ನನ್ನ ಕೈಗೆ ಕೊಟ್ಟಳು.

"ಇದು ನಿಮ್ಮದು."

"ಕೇಳುವವರು ತಮ್ಮ ಅಭಿಪ್ರಾಯ ಬರೆಯುವ ಕ್ರಮ ಇಲ್ಲ ಮಾರಾಯ್ತಿ."

"ನಿಮ್ಮ ಕಚೇರಿ ಮುಚ್ಚಿ ಎಷ್ಟು ವರ್ಷ ಆಯ್ತು? ಬರೀರಿ."

ಪಡೀಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪ್ಯಾಡನ್ನು ತೊಡೆಯ ಮೇಲಿಟ್ಟು, ಇಯರ್‌ಫೋನ್ ಹಾಕಿಕೊಂಡು, ಯಾರನ್ನೂ ಗಮನಿಸದೆ ಮೊದಲ ಸಲ ನಾನೊಬ್ಬನೇ ಪೂರ್ತಿ ಕೇಳಿದೆ. ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋದದ್ದು ಗೊತ್ತಾಗಲಿಲ್ಲ. ಇಳಿದು, ರಸ್ತೆ ದಾಟಿ, ಹಿಂದೆ ಹೋಗುವ ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತೆ. ಮೊಣಗಂಟು ನೋಯುತ್ತಿತ್ತು. ಹಿಂಬದಿಗೆ, ನಿಲ್ದಾಣ ತಪ್ಪಿತು ಎಂದು ಬರೆದೆ. ಆಮೇಲೆ ಹಾಳೆ ತಿರುಗಿಸಿ, 'ಕೇಳುತ್ತೀರಾ?' ಎಂಬ ಮೊದಲ ಪ್ರಶ್ನೆಯ ಮುಂದೆ, ಹೌದು ಎಂಬಲ್ಲಿ, ಗುರುತು ಹಾಕಿದೆ.